ವರ್ಡ್ ವಾರಿಜಾ ಮತ್ತು ಬೇಡವೆಂದರೂ ಬರುವ ಖಾಲಿ ಪುಟ

ಯಡಿಯೂರು ಕೆರೆಯ ಹಿಂದಿನ ಅಡ್ಡರಸ್ತೆಯಲ್ಲಿ, ಮೊದಲ ಮಹಡಿಯ ಮನೆಯೊಂದರಲ್ಲಿ ವಾರಿಜಾ ಇದ್ದಾರೆ. ಜಯನಗರ, ಜೆ.ಪಿ. ನಗರ, ಬನಶಂಕರಿಯ ಎಷ್ಟೋ ಜನರ ಮೊಬೈಲಿನಲ್ಲಿ ಅವರ ಹೆಸರು 'ವರ್ಡ್ ವಾರಿಜಾ' ಎಂದಿದೆ. ಅದೇ ಮೊಬೈಲುಗಳಲ್ಲಿ 'ನಲ್ಲಿ ಗೂಳಪ್ಪ', 'ಗೀಸರ್ ಸೋಮನಾಥ್' ಕೂಡ ಇರುತ್ತಾರೆ. ಆ ಸಾಲಿನಲ್ಲಿ ಸೇರಿದ್ದಕ್ಕೆ ವಾರಿಜಾಗೆ ಬೇಸರವಿಲ್ಲ. "ನಂದೂ ಗೂಳಪ್ಪಂದೂ ಒಂದೇ ಕಸುಬು," ಎನ್ನುತ್ತಾರೆ. "ಸೋರೋ ಜಾಗ ಒಂದು, ಒದ್ದೆ ಆಗೋ ಜಾಗ ಇನ್ನೊಂದು. ಜನ ಒದ್ದೆ ಆದ ಜಾಗಾನೇ ಒರೆಸ್ತಾ ಕೂತಿರ್ತಾರೆ."

ಅವರ ಕಸುಬು ಇಷ್ಟೇ: ಕಂಪ್ಯೂಟರಿನ 'ವರ್ಡ್' ತಂತ್ರಾಂಶದಲ್ಲಿ ಬರೆದ ಉದ್ದುದ್ದ ಬರಹಗಳು ಹದಗೆಟ್ಟಾಗ ರಿಪೇರಿ ಮಾಡುವುದು. ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಪುಟ ಕಟ್ಟುತ್ತ ಕಟ್ಟುತ್ತ ಅವರ ಕೂದಲು ನರೆಯಿತು. ಮುದ್ರಣಾಲಯ ಮುಚ್ಚಿ ಈಗ ಅಲ್ಲಿ ಚಪ್ಪಲಿ ಅಂಗಡಿ ಬಂದಿದೆ. ವಾರಿಜಾರ ಕಣ್ಣು ಮಾತ್ರ ನಿವೃತ್ತಿ ತೆಗೆದುಕೊಳ್ಳಲಿಲ್ಲ. ಮದುವೆಯ ಕರೆಯೋಲೆ ಕೈಗೆ ಬಂದರೆ ಮೊದಲು ಅಂಚಿನ ಜಾಗ ನೋಡುತ್ತಾರೆ, ಆಮೇಲೆ ಮದುಮಗಳ ಹೆಸರು. ಹೋಟೆಲಿನ ತಿಂಡಿಪಟ್ಟಿಯಲ್ಲಿ ಸಾಲುಗಳು ಓರೆಯಾಗಿದ್ದರೆ ಅವರಿಗೆ ಮಸಾಲೆದೋಸೆ ರುಚಿಸುವುದಿಲ್ಲ.

ಬರುವವರು ತರಹೇವಾರಿ. ನಿವೃತ್ತರ ಆತ್ಮಕಥೆ, ಮಹಿಳಾ ಸಮಾಜದ ಅಡುಗೆ ಪುಸ್ತಕ, ಪಿಎಚ್‌.ಡಿ. ಪ್ರಬಂಧ. ಜೆ.ಪಿ. ನಗರದ ಅಪಾರ್ಟ್‌ಮೆಂಟೊಂದರ ಕಾರ್ಯದರ್ಶಿ ಚಿದಾನಂದ್ ಒಮ್ಮೆ ತಮ್ಮ ಸಂಘದ ನಿಯಮಾವಳಿ ತಂದಿದ್ದರು. ಅದರಲ್ಲಿ ಪ್ರತಿ ಪುಟದಲ್ಲೂ ಕ್ರಮಸಂಖ್ಯೆ ಮತ್ತೆ ಒಂದರಿಂದ ಶುರುವಾಗುತ್ತಿತ್ತು. "ನಮ್ಮ ಬಿಲ್ಡಿಂಗ್ ಥರಾನೇ ಮೇಡಂ," ಎಂದರು ಚಿದಾನಂದ್, ದುಃಖದಿಂದ. "ಎಲ್ಲರೂ ನಾನೇ ನಂಬರ್ ಒನ್ ಅಂತಾರೆ."

ವಾರಿಜಾರ ಮನೆಯಲ್ಲಿ ಒಂದು ಕಟ್ಟಳೆ. ಬರಹವನ್ನು ಮೇಲ್‌ನಲ್ಲಿ ಕಳಿಸಿ ಸುಮ್ಮನಾಗುವಂತಿಲ್ಲ. ಬರೆದವರು ಬಂದು ಊಟದ ಮೇಜಿನ ಮುಂದೆ, ಅವರ ಪಕ್ಕದಲ್ಲಿ ಕೂರಬೇಕು. "ರೋಗಿ ಜೊತೆ ಮನೆಯವರು ಯಾರಾದ್ರೂ ಬೇಕು. ಏನ್ ತಿಂದ್ರು, ಎಲ್ಲಿ ಬಿದ್ರು, ಯಾರ್ ಹೇಳ್ತಾರೆ?" ಗಂಡ ಚಕ್ರಪಾಣಿ ವಿಮಾ ಕಂಪನಿಯಿಂದ ನಿವೃತ್ತರಾದವರು, ಈ ದವಾಖಾನೆಗೆ ತಾವು ಕಾಂಪೌಂಡರ್ ಎಂದು ಹೇಳಿಕೊಳ್ಳುತ್ತಾರೆ. ಕಾಫಿ ಕೊಡುವುದು, ಎದುರಿನ ಕುರ್ಚಿಯಲ್ಲಿ ತರಕಾರಿ ಸೋಸುತ್ತ ನಡುನಡುವೆ ಮಾತು ತೂರಿಸುವುದು ಅವರ ಪಾಲಿನ ಸೇವೆ.

ಬರಹ ತೆರೆದ ಕೂಡಲೇ ವಾರಿಜಾ ಒಂದು ಗುಂಡಿ ಒತ್ತುತ್ತಾರೆ. ಅಲ್ಲಿಯವರೆಗೆ ಕಾಣದೆ ಇದ್ದದ್ದೆಲ್ಲ ಆಗ ಕಾಣುತ್ತದೆ: ಖಾಲಿ ಜಾಗ ಬಿಟ್ಟಲ್ಲೆಲ್ಲ ಚುಕ್ಕೆ, ಎಂಟರ್ ಒತ್ತಿದಲ್ಲೆಲ್ಲ ಒಂದು ಕೊಕ್ಕೆ. ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ತಳ ಕಂಡ ಹಾಗೆ. ಮೇಲೆ ಆಕಾಶ, ಮೋಡ, ಎಲ್ಲ ಚೆಂದವಾಗಿ ತೋರುತ್ತಿದ್ದ ಜಾಗದಲ್ಲಿ ಈಗ ಒಂಟಿ ಚಪ್ಪಲಿ, ಬಾಟಲಿ, ಹೋದ ವರ್ಷದ ಗಣಪತಿಯ ಬಿದಿರು. ಬಂದವರು ನಾಚಿಕೊಳ್ಳುತ್ತಾರೆ. "ಎಲ್ಲರ ತಳಾನೂ ಹೀಗೇ ಇರತ್ತೆ," ಎಂದು ವಾರಿಜಾ ಸಮಾಧಾನ ಹೇಳುತ್ತಾರೆ.

ಒಂದು ಮಂಗಳವಾರ ಬೆಳಿಗ್ಗೆ ಗೊಟ್ಟಿಗೆರೆಯಿಂದ ಸ್ಕೂಟರಿನಲ್ಲಿ ಮೇಘಶ್ರೀ ಬಂದರು. ಡಿಗ್ರಿ ಕಾಲೇಜೊಂದರಲ್ಲಿ ಭೂಗೋಳದ ಅಧ್ಯಾಪಕಿ, ನಲವತ್ತು ದಾಟಿದವರು. ಗಾಬರಿಯಲ್ಲಿ ಹೆಲ್ಮೆಟ್ ತೆಗೆಯದೆಯೇ ಕುರ್ಚಿಯ ಮೇಲೆ ಕೂತರು.

"ತಲೆಗೆ ಏಟಾಗೋವಷ್ಟು ಏನೂ ಮಾಡಲ್ಲಮ್ಮ ಇವಳು," ಎಂದರು ಚಕ್ರಪಾಣಿ. "ಅದನ್ನ ತೆಗೀಬಹುದು."

ಮೇಘಶ್ರೀಯ ಪ್ರಬಂಧ ಬೆಂಗಳೂರು ದಕ್ಷಿಣದ ಕೆರೆಗಳ ಮೇಲೆ. ವರ್ಷಗಟ್ಟಲೆ ಕೆರೆಯ ಏರಿಗಳ ಮೇಲೆ ನಡೆದು, ಮುಚ್ಚಿಹೋದ ಕಾಲುವೆಗಳನ್ನು ಹುಡುಕಿ ಬರೆದದ್ದು. ಅವಧಿಯನ್ನು ಎರಡು ಸಲ ವಿಸ್ತರಿಸಿ ಆಗಿತ್ತು; ಇನ್ನು ವಿಸ್ತರಣೆ ಇಲ್ಲ. ನಾಳೆ ಸಂಜೆಯೊಳಗೆ ವಿಶ್ವವಿದ್ಯಾಲಯಕ್ಕೆ ಸಲ್ಲಿಸದಿದ್ದರೆ ನೋಂದಣಿ ರದ್ದು. ಅದಕ್ಕೂ ಮೊದಲು, ಇವತ್ತು ನಾಲ್ಕು ಗಂಟೆಗೆ ಪಿಡಿಎಫ್ ಮಾಡಿ ಗೈಡ್ ಜಯಸಿಂಹ ಅವರಿಗೆ ಕಳಿಸಬೇಕು. ಎಲ್ಲಿಂದಲೋ ಕದ್ದು ಬರೆದದ್ದಲ್ಲವೆಂದು ಗ್ರಂಥಾಲಯದ ತಂತ್ರಾಂಶ ಓದಿ ಒಪ್ಪಬೇಕು.

"ಎಲ್ಲಿ ನೋವು?" ಎಂದು ವಾರಿಜಾ ಕೇಳಿದರು.

"ಎಲ್ಲಾ ಕಡೆ ಮೇಡಂ. ಶೀರ್ಷಿಕೆ ಒಂದು ಪುಟದ ಕೊನೇಲಿ ನಿಲ್ಲತ್ತೆ, ಬರಹ ಮುಂದಿನ ಪುಟದಲ್ಲಿ ಶುರುವಾಗತ್ತೆ. ಪರಿವಿಡಿಯ ಒಂದು ಪುಟಸಂಖ್ಯೆನೂ ಸರಿಯಿಲ್ಲ. ಚಿತ್ರಗಳು ನಿಂತ ಕಡೆ ನಿಲ್ಲಲ್ಲ."

"ಕೆರೆ ಚಿತ್ರ ತಾನೇ?" ಎಂದರು ಚಕ್ರಪಾಣಿ. "ಹರೀಲಿ ಬಿಡಿ."

"ರೀ, ಹುರುಳೀಕಾಯಿ ಕಡೆ ನೋಡಿ," ಎಂದರು ವಾರಿಜಾ.

ಗುಂಡಿ ಒತ್ತಿದರು. ತಳ ಕಂಡಿತು. ಹೊಸ ಅಧ್ಯಾಯ ಹೊಸ ಪುಟಕ್ಕೆ ಹೋಗಲೆಂದು ಮೇಘಶ್ರೀ ಪ್ರತಿಸಲವೂ ಎಂಟರ್ ಮೇಲೆ ಎಂಟರ್ ಒತ್ತಿ ತಳ್ಳಿದ್ದರು. ಮೇಲೆಲ್ಲೋ ಎರಡು ಸಾಲು ಸೇರಿಸಿದರೆ ಕೆಳಗಿನ ಅಧ್ಯಾಯಗಳೆಲ್ಲ ಜರುಗುವುದು ಅದರಿಂದಲೇ. ಪರಿವಿಡಿಯನ್ನು ಒಂದೊಂದೇ ಚುಕ್ಕೆ ಇಟ್ಟು ಕೈಯಾರೆ ಟೈಪ್ ಮಾಡಿದ್ದರು. ಅಧ್ಯಾಯದ ಹೆಸರುಗಳಿಗೆ ಮಾತ್ರ ಸಹೋದ್ಯೋಗಿಯೊಬ್ಬಳು ಹೇಳಿಕೊಟ್ಟಂತೆ 'ಶೀರ್ಷಿಕೆ' ಎಂಬ ಸ್ಟೈಲ್ ಹಾಕಿದ್ದರು.

"ಇದೊಂದು ಒಳ್ಳೇ ಕೆಲಸ," ಎಂದು ವಾರಿಜಾ ಬೆನ್ನು ತಟ್ಟಿದರು. "ಸ್ಟೈಲ್ ಅಂದ್ರೆ ಏನ್ ಗೊತ್ತಾ? ಮದುವೆಮನೇಲಿ ಬಡಿಸೋರಿಗೆಲ್ಲ ಒಬ್ಬೊಬ್ಬರಿಗೇ ಪಂಚೆ ಹುಡುಕಿ ಉಡಿಸ್ತಾ ಕೂತ್ರೆ ಊಟ ಯಾವಾಗ? 'ಬಡಿಸೋರು ಬಿಳಿ ಪಂಚೆ' ಅಂತ ಒಂದ್ಸಲ ಹೇಳಿಬಿಡೋದು. ಆಮೇಲೆ ಹಸಿರು ಅಂಚು ಬೇಕು ಅನ್ನಿಸಿದ್ರೂ ಒಂದ್ಸಲ ಹೇಳಿದ್ರೆ ಸಾಕು, ಎಲ್ಲರಿಗೂ ಹಸಿರು ಅಂಚು."

ಹಾಗೆಯೇ ಮಾಡಿದರು. ಹೆಚ್ಚಿನ ಎಂಟರ್‌ಗಳನ್ನೆಲ್ಲ ಒಂದೇ ಏಟಿಗೆ ಗುಡಿಸಿ ಹಾಕಿದರು. 'ಶೀರ್ಷಿಕೆ' ಎಂಬ ಸ್ಟೈಲಿಗೆ, ನೀನು ಯಾವಾಗಲೂ ಹೊಸ ಪುಟದಲ್ಲೇ ಶುರುವಾಗಬೇಕು ಎಂದು ಅಪ್ಪಣೆ ಕೊಟ್ಟರು. ಇನ್ನೇನು ಮುಗಿಯಿತು ಎಂದು ಕೆಳಗೆ ಸರಿಸಿ ನೋಡಿದರೆ, ಪ್ರತಿ ಅಧ್ಯಾಯದ ಮುಂದೆ ಒಂದೊಂದು ಖಾಲಿ ಪುಟ.

"ಇದೆಲ್ಲಿಂದ ಬಂತು?"

ಮೇಘಶ್ರೀ ನೀರಿನ ಲೋಟ ಎತ್ತಿಕೊಂಡರು.

ಖಾಲಿ ಪುಟದಲ್ಲಿ ಎಂಟರ್‌ನ ಒಂದು ಕೊಕ್ಕೆ ಮಾತ್ರ ಇತ್ತು. ಉಳಿದುಹೋದ ಎಂಟರ್ ಇರಬೇಕೆಂದು ವಾರಿಜಾ ಅದನ್ನು ಅಳಿಸಿದರು. ಪುಟವೇನೋ ಹೋಯಿತು. ಆದರೆ ಅಧ್ಯಾಯದ ಹೆಸರು, ಯಾರೋ ಭುಜದಿಂದ ತಳ್ಳಿದಂತೆ, ನಡುವಿನಿಂದ ಬಲಕ್ಕೆ ಸರಿದು ನಿಂತಿತು.

"ರೀ, ಇದು ನಡುವೆ ಇದೆಯಾ ನೋಡಿ."

ಚಕ್ರಪಾಣಿ ಬಗ್ಗಿ ನೋಡಿದರು. "ನಡುವೇನೇ ಇದೆ. ನಿನ್ನ ಹೊಸ ಕನ್ನಡಕದ ತಪ್ಪು."

ವಾರಿಜಾ ಎದ್ದುಹೋಗಿ ಮುದ್ರಣಾಲಯದ ಕಾಲದ ಮರದ ಅಡಿಕೋಲು ತಂದರು. ಪರದೆಯ ಮೇಲಿಟ್ಟು ಎಡಗಡೆ ಅಳೆದರು, ಬಲಗಡೆ ಅಳೆದರು. "ಎಡಕ್ಕೆ ಜಾಸ್ತಿ ಇದೆ," ಎಂದು ಘೋಷಿಸಿದರು. "ಕನ್ನಡಕದ್ದಲ್ಲ. ಇಲ್ಲಿ ಯಾರೋ ಕೂತಿದಾರೆ. ಚುಕ್ಕೆ ಕಾಣ್ತಿಲ್ಲ, ಆದ್ರೂ ಮೇಘಶ್ರೀ, ನೀವೇನಾದ್ರೂ ಹೆಸರಿಗೆ ಮುಂಚೆ ಸ್ಪೇಸ್ ಹೊಡೆದಿದೀರಾ?"

"ಇಲ್ಲ ಮೇಡಂ. ಸ್ಪೇಸ್ ಹೊಡೆದಿಲ್ಲ," ಎಂದರು ಮೇಘಶ್ರೀ. ಆ ಮಾತು ನಿಜವೇ ಆಗಿತ್ತು. ಅದನ್ನು ಹೇಳುವಾಗ ಅವರು ಲೋಟದ ತಳವನ್ನೇ ನೋಡುತ್ತಿದ್ದರು.

ಅದನ್ನೆಲ್ಲ ಮೊದಲಿನಂತೆ ಮಾಡಿ ವಾರಿಜಾ ಮತ್ತೆ ಶುರುಹಚ್ಚಿದರು. ಚಿತ್ರಗಳನ್ನು ಕಟ್ಟಿಹಾಕಿ ನೋಡಿದರು. ಪುಟದ ಅಳತೆ ನೋಡಿದರು. ಅಡಿಟಿಪ್ಪಣಿಗಳ ಮೇಲೆ ಸಂಶಯಪಟ್ಟರು. ಅವು ಪಾಪ, ತಮ್ಮ ಪಾಡಿಗೆ ಪುಟದ ಕೆಳಗೆ ಕೂತಿದ್ದವು. ಹುರುಳೀಕಾಯಿ ಪಲ್ಯವಾಯಿತು. ಊಟವೂ ಆಯಿತು. ಖಾಲಿ ಪುಟಗಳು ಮಾತ್ರ ಕದಲಲಿಲ್ಲ. ವಾರಿಜಾಗೆ ಕೋಪ ಬರತೊಡಗಿತ್ತು, ಮುಖ್ಯವಾಗಿ ತಮ್ಮ ಮೇಲೆಯೇ. ಬೆಳಿಗ್ಗೆ ಬರುವಾಗ ಇಲ್ಲದ ರೋಗ, ತಾವು ಕೈ ಹಾಕಿದ ಮೇಲೆ ಬಂದದ್ದು.

ಅಷ್ಟರಲ್ಲಿ ಗೈಡ್ ಫೋನ್ ಮಾಡಿದರು. ಮೇಘಶ್ರೀಯ ಕೈಯಲ್ಲಿ ಕಾಫಿ ಲೋಟವಿತ್ತು, ಸ್ಪೀಕರ್ ಒತ್ತಿದರು.

"ಎಲ್ಲಿಗೆ ಬಂತಮ್ಮ?" ಜಯಸಿಂಹರದು ಹಿಂದಿನ ಬೆಂಚಿಗೂ ಕೇಳುವ ಧ್ವನಿ.

"ಆಗ್ತಾ ಇದೆ ಸಾರ್. ಕೊನೇ ಹಂತ."

"ನಾಲ್ಕು ಗಂಟೆ ಅಂದ್ರೆ ನಾಲ್ಕೇ. ಆಮೇಲೆ ಇನ್ನೊಂದು. ಲೈಬ್ರರಿಯ ಹೊಸ ತಂತ್ರಾಂಶ ಕಣ್ಣಿಗೆ ಕಾಣದ ಅಕ್ಷರಾನೂ ಹಿಡಿಯತ್ತಂತೆ. ಯಾರೋ ಮಹಾನುಭಾವ ಬಿಳಿ ಬಣ್ಣದಲ್ಲಿ ಏನೇನೋ ಟೈಪ್ ಮಾಡಿ ಮೋಸ ಮಾಡಕ್ಕೆ ನೋಡಿದ್ನಂತೆ. ಪ್ರಬಂಧ ವಾಪಸ್, ವಿಚಾರಣೆ ಬೇರೆ. ನಿಮ್ಮದರಲ್ಲಿ ಅಂಥದ್ದೇನಿಲ್ಲ, ಸುಮ್ನೆ ಹೇಳಿದೆ."

"ಹೂಂ ಸಾರ್," ಎಂದರು ಮೇಘಶ್ರೀ. ಫೋನ್ ಇಟ್ಟಾಗ ಅವರ ಮುಖದಲ್ಲಿ ಬಣ್ಣವಿರಲಿಲ್ಲ.

ವಾರಿಜಾ ಅದನ್ನು ಗಮನಿಸಲಿಲ್ಲ. ಬೇರೆ ದಾರಿ ತೋಚದೆ ಅವರು ಕೈಯಲ್ಲಿ ಟೈಪ್ ಮಾಡಿದ್ದ ಪರಿವಿಡಿಯನ್ನು ತೆಗೆದುಹಾಕಿ, ಶೀರ್ಷಿಕೆಗಳನ್ನೆಲ್ಲ ನೀನೇ ಹುಡುಕಿ ಪಟ್ಟಿ ಮಾಡು ಎಂದು ಕಂಪ್ಯೂಟರಿಗೆ ಹೇಳಿದರು. ಅದು ವಿಧೇಯವಾಗಿ ಮಾಡಿತು. ಮೂವರೂ ಪರದೆ ನೋಡಿದರು.

ಶ್ರೀ. ಪೀಠಿಕೆ. ಶ್ರೀ. ಕೆರೆಗಳ ಭೂಗೋಳ. ಶ್ರೀ. ಕಾಲುವೆಗಳ ಜಾಡು. ಶ್ರೀ. ಒತ್ತುವರಿ. ಶ್ರೀ...

ಮೊದಲು ಬಾಯಿ ಬಿಟ್ಟವರು ಚಕ್ರಪಾಣಿ. "ಇದು ಪ್ರಬಂಧನಾ, ಅರ್ಚನೆನಾ?"

ವಾರಿಜಾ ಖಾಲಿ ಪುಟಕ್ಕೆ ಹೋಗಿ, ಕೊಕ್ಕೆಯ ಪಕ್ಕದ ಬಿಳಿ ಜಾಗವನ್ನು ಆರಿಸಿ ಅದರ ಬಣ್ಣವನ್ನು ಕಪ್ಪು ಮಾಡಿದರು. ಪುಟದ ಮೇಲ್ಗಡೆ ನಡುವೆ ದಪ್ಪಕ್ಷರದ 'ಶ್ರೀ' ಎದ್ದು ನಿಂತಿತು. ಬೆಳಗಿನಿಂದ ಅದು ಅಲ್ಲೇ ಇತ್ತು. ಶೀರ್ಷಿಕೆಯ ಮೇಲಿನ ಸಾಲಿನಲ್ಲಿ ಶೀರ್ಷಿಕೆಯದೇ ವೇಷದಲ್ಲಿ ಇದ್ದುದರಿಂದ ಅದೂ ಅಪ್ಪಣೆಯಂತೆ ತನಗೊಂದು ಹೊಸ ಪುಟ ಕೇಳಿ ಪಡೆದಿತ್ತು.

"ಮೇಘಶ್ರೀ," ಎಂದರು ವಾರಿಜಾ, ನಿಧಾನವಾಗಿ. "ನಾನು ಬೆಳಗ್ಗಿಂದ ಅಡಿಕೋಲು ಹಿಡ್ಕೊಂಡು ಕೂತಿದೀನಿ. ನಿಮಗೆ ಗೊತ್ತಿತ್ತು."

"ನಾಚಿಕೆ ಆಯ್ತು ಆಂಟಿ." ಮೇಡಂ ಹೋಗಿ ಆಂಟಿ ಬಂದಿತ್ತು. "ಏನ್ ಬರೆದ್ರೂ ಮೇಲೆ ಶ್ರೀ ಹಾಕಿನೇ ಅಭ್ಯಾಸ. ಮೊದಲನೇ ಅಧ್ಯಾಯ ತೋರಿಸಿದಾಗ ಸಾರ್ ಕೆಂಪು ಪೆನ್ನಲ್ಲಿ ಸುತ್ತು ಹಾಕಿ, 'ಇದಕ್ಕೆ ಆಧಾರ ಏನು? ಅಡಿಟಿಪ್ಪಣಿ ಕೊಡಿ' ಅಂತ ಬರೆದ್ರು. ತೆಗೆದುಬಿಟ್ಟೆ. ಎರಡನೇ ಅಧ್ಯಾಯ ಶ್ರೀ ಇಲ್ಲದೆ ಶುರು ಮಾಡ್ದೆ. ಅದೇ ವಾರ ಲ್ಯಾಪ್‌ಟಾಪ್ ಮೇಲೆ ಸಾರು ಚೆಲ್ತು."

"ಯಾವ ಸಾರು?" ಎಂದರು ಚಕ್ರಪಾಣಿ.

"ಹುರುಳಿಕಟ್ಟಿನ ಸಾರು ಅಂಕಲ್."

"ಹಾಗಾದ್ರೆ ಉಳಿಯಲ್ಲ."

"ಪೂರ್ತಿ ಅಧ್ಯಾಯ ಹೋಯ್ತು. ಮತ್ತೆ ಬರೆಯುವಾಗ ಶ್ರೀ ಹಾಕ್ದೆ, ಬಿಳಿ ಬಣ್ಣದಲ್ಲಿ. ಸಾರ್ ಕಣ್ಣಿಗೆ ಕಾಣಲ್ಲ, ಯಾರಿಗೆ ಕಾಣ್ಬೇಕೋ ಅವರಿಗೆ ಕಾಣತ್ತೆ ಅಂತ. ಆ ಅಧ್ಯಾಯನ ಸಾರ್ ಒಂದೇ ಸಲಕ್ಕೆ ಒಪ್ಪಿದ್ರು. ಮೊದಲನೇದಕ್ಕೂ ಬಿಳೀದು ಹಾಕ್ದೆ. ಆಮೇಲೆ ಬಿಡಕ್ಕೆ ಧೈರ್ಯ ಬರ್ಲಿಲ್ಲ."

"ಈಗ ಬಿಡ್ಲೇಬೇಕಮ್ಮ. ಫೋನಲ್ಲಿ ಕೇಳಿದ್ರಲ್ಲ. ಆ ತಂತ್ರಾಂಶಕ್ಕೆ ಭಕ್ತಿ ಯಾವುದು, ಮೋಸ ಯಾವುದು ಅಂತ ಗೊತ್ತಾಗಲ್ಲ. ಬಿಳಿ ಅಂದ್ರೆ ಬಿಳಿ."

ವಾರಿಜಾ ಮೌಸ್ ಹಿಡಿದರು. ಮೇಘಶ್ರೀ ಅವರ ಮಣಿಕಟ್ಟು ಹಿಡಿದರು.

"ಆಂಟಿ, ನಾನು ವಿಜ್ಞಾನ ಓದಿದೋಳು. ಸಾರು ಚೆಲ್ಲಿದ್ದು ನನ್ನ ಮೊಣಕೈ ತಾಗಿ ಅಂತ ಗೊತ್ತು. ಆದ್ರೂ ಇಷ್ಟು ವರ್ಷ ಕಾದಿದ್ದನ್ನ ಕೊನೇ ದಿನ ನಾನೇ ಅಳಿಸಿ, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ, ಜೀವನಪೂರ್ತಿ ಅದನ್ನೇ ಅಂದ್ಕೋತೀನಿ."

"ನಿಮ್ಮ ಹೆಸರಲ್ಲೇ ಶ್ರೀ ಇದೆಯಲ್ಲಮ್ಮ," ಎಂದರು ಚಕ್ರಪಾಣಿ. "ಮುಖಪುಟದಲ್ಲೇ ದೊಡ್ಡದಾಗಿ ಬರತ್ತೆ. ಸಾಲ್ದಾ?"

"ಅದು ನಂದು ಅಂಕಲ್. ದೇವರದ್ದಲ್ಲ."

ಇದೆಲ್ಲ ಮೂಢನಂಬಿಕೆ ಎಂದು ಹೇಳಲು ವಾರಿಜಾ ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಗಂಡ, "ಇವಳು ಮೊನ್ನೆ ಇಸ್ತ್ರಿಗೆ ಕೊಟ್ಟ ಬಟ್ಟೆ ಚೀಟಿ ಮೇಲೂ ಶ್ರೀ ಬರೆದಿದ್ಲು," ಎಂದುಬಿಟ್ಟರು. "ಶ್ರೀ. ಪ್ಯಾಂಟ್ ಎರಡು, ದಿಂಬಿನ ಕವರ್ ನಾಲ್ಕು."

ವಾರಿಜಾ ಬಾಯಿ ಮುಚ್ಚಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಕಿಟಕಿಯಾಚೆ ಕೆರೆಯ ಕಡೆಯಿಂದ ಬಂದ ಬೆಳ್ಳಕ್ಕಿಯೊಂದು ಎದುರುಮನೆಯ ನೀರಿನ ಟ್ಯಾಂಕಿನ ಮೇಲೆ ಕೂತಿತ್ತು. ಬಿಳಿ ಟ್ಯಾಂಕು, ಬಿಳಿ ಹಕ್ಕಿ, ಕೊಕ್ಕು ಆಡಿಸಿದಾಗಷ್ಟೇ ಅಲ್ಲೊಂದು ಜೀವವಿದೆಯೆಂದು ತಿಳಿಯುತ್ತಿತ್ತು. ವಾರಿಜಾ ಕನ್ನಡಕ ಹಾಕಿಕೊಂಡರು.

"ಬರಹದಲ್ಲಿ ಇರಬಾರದು ಅಷ್ಟೇ ತಾನೇ?" ಎಂದರು. "ಬರಹದ ಅಡೀಲಿ ಇದ್ರೆ?"

"ಅಂದ್ರೆ?"

"ಈ ಸ್ಟೈಲ್‌ಗಳಿಗೂ ಅಪ್ಪ ಅಮ್ಮ ಇರ್ತಾರೆ. ಒಂದು ಸ್ಟೈಲ್ ಯಾರನ್ನ ನೋಡಿ ನಡೀಬೇಕು ಅಂತ ನಾವು ಹೇಳ್ಬಹುದು. ಈಗ ಹೊಸದೊಂದು ಸ್ಟೈಲ್ ಮಾಡ್ತೀನಿ. ಅಕ್ಷರದ ಗಾತ್ರ, ಎಲ್ಲಿ ನಿಲ್ಲಬೇಕು, ಹೊಸ ಪುಟ, ಎಲ್ಲಾ ಅದರಲ್ಲಿ ಇಡ್ತೀನಿ. ನಿಮ್ಮ ಅಧ್ಯಾಯದ ಶೀರ್ಷಿಕೆಗಳಿಗೆ, ನಿಮಗೆ ಸ್ವಂತದ್ದೇನೂ ಇಲ್ಲ, ಇದನ್ನ ನೋಡಿ ನಡೀರಿ ಅಂತೀನಿ. ಅದಕ್ಕೊಂದು ಹೆಸರು ಕೇಳತ್ತೆ. ನೀವೇ ಟೈಪ್ ಮಾಡಿ."

ಮೇಘಶ್ರೀ ಕೀಲಿಮಣೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಹೆಸರಿನ ಜಾಗದಲ್ಲಿ 'ಶ್ರೀ' ಎಂದು ಹೊಡೆದರು. ಕಪ್ಪು ಬಣ್ಣದಲ್ಲಿ, ಯಾರಿಗೂ ಹೆದರದೆ.

"ಪಿಡಿಎಫ್ ಓದಿದವರ ಕಣ್ಣಿಗೆ ಬೀಳಲ್ಲ?"

"ಹಾಳೆ ಮೇಲೆ ಇದ್ರೆ ತಾನೇ ಬೀಳೋದು? ಮೋಸಾನೂ ಅಲ್ಲ. ಒಂದು ಸ್ಟೈಲ್‌ಗೆ ಹೆಸರಿಟ್ಟಿದೀವಿ."

"ಕೆಲಸ ಮಾಡತ್ತಾ ಆಂಟಿ, ನಿಜವಾಗ್ಲೂ?"

ವಾರಿಜಾ 'ಶ್ರೀ'ಗೆ ಹೋಗಿ, ನಡುವೆ ಎಂದಿದ್ದನ್ನು ಬಲಕ್ಕೆ ಎಂದು ಬದಲಿಸಿದರು. ಪೀಠಿಕೆಯಿಂದ ಉಪಸಂಹಾರದವರೆಗೆ ಅಷ್ಟೂ ಅಧ್ಯಾಯದ ಹೆಸರುಗಳು ಒಟ್ಟಿಗೆ ಬಲಕ್ಕೆ ಸರಿದವು. ಮತ್ತೆ ನಡುವೆ ಎಂದರು. ಎಲ್ಲವೂ ನಡುವೆ ಬಂದು ನಿಂತವು. "ನೋಡಿ. ಅದು ಕದಲಿದ್ರೆ ಎಲ್ಲಾ ಕದಲತ್ತೆ."

ಮೇಘಶ್ರೀ ಪರದೆಯನ್ನು ನೋಡಿದರು. ಬೆಳಗಿನಿಂದ ಮೊದಲ ಸಲ ನಕ್ಕರು. "ಬಿಳೀದನ್ನ ನಾನೇ ಅಳಿಸ್ತೀನಿ," ಎಂದರು.

"ಶ್ರೀ ಅಂತ ಹುಡುಕಿ ಅಳಿಸ್ಬೇಡಿ ಮತ್ತೆ. ನಿಮ್ಮ ಹೆಸರು ಮುಖಪುಟದಲ್ಲಿ ಬರೀ ಮೇಘ ಆಗಿಬಿಡತ್ತೆ. ನಾನು ಕಪ್ಪು ಮಾಡಿದ್ದನ್ನ ಮತ್ತೆ ಬಿಳಿ ಮಾಡಿದೀನಿ, ಬಣ್ಣ ಹಿಡಿದು ಹುಡುಕಿ. ಬಿಳಿ ಅಕ್ಷರ ಎಲ್ಲಿದ್ರೂ ಅದರ ಕೊಕ್ಕೆ ಸಮೇತ ತೆಗಿ ಅನ್ನಿ."

ಮೇಘಶ್ರೀ ಕಣ್ಣು ಮುಚ್ಚಿ ಗುಂಡಿ ಒತ್ತಿದರು. ಎಂಟು ಕಡೆ ಅಳಿಸಿದ್ದೇನೆ ಎಂದು ಕಂಪ್ಯೂಟರ್ ವರದಿ ಒಪ್ಪಿಸಿತು.

"ಎಂಟು?" ವಾರಿಜಾ ಹುಬ್ಬು ಗಂಟಿಕ್ಕಿದರು. "ಅಧ್ಯಾಯ ಇರೋದು ಏಳು. ಪರಿವಿಡೀಲಿ ಬಂದಿದ್ದೂ ಏಳೇ."

ಮೇಘಶ್ರೀ ಮತ್ತೆ ನೀರಿನ ಲೋಟದ ಕಡೆ ಕೈ ಚಾಚಿದರು. ವಾರಿಜಾ ಲೋಟವನ್ನು ದೂರ ಸರಿಸಿದರು.

"ಇನ್ನೊಂದು ಶೀರ್ಷಿಕೆ ಸ್ಟೈಲ್ ಇಲ್ಲದೆ ಸಣ್ಣಕ್ಷರದಲ್ಲಿತ್ತು ಆಂಟಿ. ಗೈಡ್ ಸರ್ಟಿಫಿಕೇಟ್ ಪುಟದ ಮೇಲೆ."

"ಅವರದರ ಮೇಲೂ?"

"ಎಲ್ಲರಿಗಿಂತ ಅವರಿಗೇ ಜಾಸ್ತಿ ಬೇಕು ಅನ್ನಿಸ್ತು."

ಚಕ್ರಪಾಣಿ ನಕ್ಕ ರಭಸಕ್ಕೆ ಕಾಫಿ ನೆತ್ತಿಗೇರಿತು. ಖಾಲಿ ಪುಟಗಳು ಹೇಳದೆ ಕೇಳದೆ ಹೊರಟುಹೋಗಿದ್ದವು. ವಾರಿಜಾ ಪರಿವಿಡಿಯನ್ನು ಹೊಸದಾಗಿ ತೆಗೆದರು. ಏಳು ಅಧ್ಯಾಯ, ಏಳು ಸಾಲು, ಪುಟಸಂಖ್ಯೆಗಳು ಒಂದರ ಕೆಳಗೊಂದು ನೂಲು ಹಿಡಿದಂತೆ. ಅಡಿಕೋಲಿಟ್ಟು ಅಳೆದು ನೋಡಿ, ಆಗಲಿ ಎಂದರು. ನಾಲ್ಕಕ್ಕೆ ಇನ್ನೂ ಸ್ವಲ್ಪ ಇರುವಾಗಲೇ ಪಿಡಿಎಫ್ ಹೋಯಿತು.

ಆ ಸಂಜೆ ಬನ್ನೇರುಘಟ್ಟ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಮೇಘಶ್ರೀಗೆ ಸಂದೇಶ ಬಂತು. ತಂತ್ರಾಂಶ ಏನೂ ಹಿಡಿಯಲಿಲ್ಲ. ಮರುದಿನ ಮಧ್ಯಾಹ್ನ ವಿಶ್ವವಿದ್ಯಾಲಯದ ಕಿಟಕಿಯ ಹಿಂದಿನ ಗುಮಾಸ್ತರು ಬೈಂಡ್ ಆದ ಪ್ರತಿಗಳನ್ನು ಎಣಿಸಿ, ಒಂದನ್ನು ತೆರೆದು ಪರಿವಿಡಿಯ ಮೇಲೆ ಬೆರಳಾಡಿಸಿ, ಮೂರು ಕಡೆ ಪುಟ ತಿರುವಿ ಹೊಂದಿಸಿ ನೋಡಿ, ಸ್ವೀಕೃತಿ ಪತ್ರಕ್ಕೆ ಠಸ್ಸೆ ಒತ್ತಿದರು. ಮೇಘಶ್ರೀ ಆ ಕಾಗದವನ್ನು ಮಡಚದೆ ಎರಡು ಕೈಯಲ್ಲಿ ಹಿಡಿದುಕೊಂಡು ಗೈಡ್ ಕೋಣೆಗೆ ಹೋದರು.

ಜಯಸಿಂಹ ಪ್ರಬಂಧದ ಪುಟಗಳನ್ನು ತಿರುಗಿಸುತ್ತ ಕೂತಿದ್ದರು. "ಬರಹ ಚೆನ್ನಾಗಿದೆ ಅಂತ ಮೊದಲೇ ಹೇಳಿದ್ದೆ," ಎಂದರು. "ಆದ್ರೆ ಇಷ್ಟು ಅಚ್ಚುಕಟ್ಟಾದ ಪ್ರಬಂಧ ನನ್ನ ಕೈಗೆ ಬಂದಿರಲಿಲ್ಲ. ಒಂದು ಕೆಲಸ ಮಾಡಿ. ಇದರ ವರ್ಡ್ ಫೈಲ್ ಕಳಿಸಿ. ಒಳಗಿನ ಬರಹ ತೆಗೆದು, ಬರೀ ಚೌಕಟ್ಟನ್ನ ನನ್ನ ವಿದ್ಯಾರ್ಥಿಗಳಿಗೆಲ್ಲ ಕೊಡ್ತೀನಿ. ಇನ್ಮೇಲೆ ಎಲ್ಲರೂ ಇದರಲ್ಲೇ ಬರೀಲಿ."

ಮೇಘಶ್ರೀ ಸ್ವೀಕೃತಿ ಪತ್ರವನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. "ಸಾರ್, ಅದರೊಳಗೆ ಶ್ರೀ ಅಂತ ಒಂದಿದೆ."

"ಎಲ್ಲಿ?" ಜಯಸಿಂಹರ ಕೈ ತಾನಾಗಿ ಕೆಂಪು ಪೆನ್ನಿನ ಕಡೆ ಹೋಯಿತು. "ಯಾವ ಪುಟ?"

"ಪುಟದಲ್ಲಿಲ್ಲ ಸಾರ್. ಅದು ಸ್ಟೈಲ್. ಶೀರ್ಷಿಕೆಗಳೆಲ್ಲ ಅದರ ಮೇಲೆ ನಿಂತಿವೆ."

ಜಯಸಿಂಹ ಅವರನ್ನೊಮ್ಮೆ ನೋಡಿದರು, ಪರಿವಿಡಿಯನ್ನೊಮ್ಮೆ ನೋಡಿದರು. "ತೆಗೆದ್ರೆ ಏನಾಗತ್ತೆ?"

"ಏಳೂ ಅಧ್ಯಾಯ ಕದಲತ್ತೆ ಸಾರ್."

ಅವರು ಪೆನ್ನಿಗೆ ಕ್ಯಾಪ್ ಹಾಕಿದರು. "ಹಾಗಿದ್ರೆ ಇರ್ಲಿ ಬಿಡಿ," ಎಂದರು. "ಕಾಫಿ ಕುಡೀತೀರಾ?"